ಗುರುವಾರ ಓದುವ ಪತ್ರಗಳು

ಫೆಬ್ರವರಿ 8

ಅಕ್ಕ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಬಿಸಾಡುವ ಮೊದಲು ಒಂದು ಮಾತು. ಈ ಪತ್ರದಲ್ಲಿ ನಾನು ದುಡ್ಡು ಕೇಳಿಲ್ಲ. ನಂಬಿಕೆ ಬರದಿದ್ದರೆ ಮೊದಲು ಹಿಂದಿನ ಪುಟ ತಿರುಗಿಸಿ ನೋಡು.

ನಾನು ಒಂದು ಗುಂಪಿಗೆ ಸೇರಿದ್ದೇನೆ. ಸಾಲ ಮಾಡುವುದನ್ನು ಬಿಡಲಾಗದವರ ಗುಂಪು. ಡಾಕ್ಟರು, ಬುದ್ಧಿ ಹೇಳುವವರು ಯಾರೂ ಇಲ್ಲ. ನನ್ನನ್ನೂ ಸೇರಿಸಿ ಹನ್ನೊಂದು ಜನ, ಎಲ್ಲರೂ ಒಂದೇ ರೋಗದವರು. ಪ್ರತಿ ಗುರುವಾರ ಸಂಜೆ ಆರಕ್ಕೆ ಒಂದು ಡ್ರೈವಿಂಗ್ ಸ್ಕೂಲಿನ ಮಹಡಿಯಲ್ಲಿ ಸೇರುತ್ತೇವೆ. ಗೋಡೆ ತುಂಬ ರಸ್ತೆಯ ಚಿಹ್ನೆಗಳು. ಎದ್ದು ನಿಂತು ನಿಜ ಹೇಳುವವನ ತಲೆಯ ಹಿಂದೆ 'ನಿಧಾನವಾಗಿ ಚಲಿಸಿ' ಎಂಬ ಬೋರ್ಡು.

ಯಾರಿಗೆ ಹೆಚ್ಚು ಅನ್ಯಾಯ ಮಾಡಿದ್ದೇವೋ ಅವರಿಗೆ ಕೈಯಾರೆ ಪತ್ರ ಬರೆಯಬೇಕು ಎಂಬುದು ಗುಂಪಿನ ನಿಯಮ. ಫೋನ್ ಮಾಡುವ ಹಾಗಿಲ್ಲ. ಫೋನಿನಲ್ಲಿ ನಾವೆಲ್ಲ ಕಾಗೆ ಹಾರಿಸಿ ಹಾರಿಸಿ ಪಳಗಿದವರು.

ಏಳು ವರ್ಷದ ಹಿಂದೆ ಸ್ವಂತ ಲಿಫ್ಟ್ ರಿಪೇರಿ ಕಂಪನಿ ಮಾಡುತ್ತೇನೆಂದು ಹೇಳಿ ಜಾಮೀನಿಗೆ ನಿನ್ನ ಸಹಿ ಹಾಕಿಸಿಕೊಂಡೆನಲ್ಲ, ಆ ಕಂಪನಿ ಯಾವತ್ತೂ ಇರಲಿಲ್ಲ. ನಾನು ಕುಡಿಯುವುದಿಲ್ಲ, ಜೂಜಾಡುವುದಿಲ್ಲ, ನಿನಗೇ ಗೊತ್ತು. ಹಾಗಾದರೆ ಯಾಕೆ ಅಂತ ನೀನು ನೂರು ಸಲ ಕೇಳಿದ್ದೆ. ಈಗ ಹೇಳುತ್ತೇನೆ. ಎದುರಿಗಿದ್ದವರು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ "ಸರಿ, ತಗೋ" ಅಂತಾರಲ್ಲ, ನನಗೆ ಆ ಗಳಿಗೆ ಬೇಕು. ಆಗ ನಾನು ನಂಬಿಕಸ್ಥ. ದುಡ್ಡು ಜೇಬಿಗೆ ಬಿದ್ದ ಮೇಲೆ ಅದೇನಾಗುತ್ತದೆಂದು ನನಗೇ ಸರಿಯಾಗಿ ಗೊತ್ತಿಲ್ಲ.

ಬೈದಾದರೂ ನಾಲ್ಕು ಸಾಲು ಬರೆ.

ನಿನ್ನ ತಮ್ಮ


ಫೆಬ್ರವರಿ 20

ಮಹಾನುಭಾವ,

ಪುಟ ತಿರುಗಿಸಿ ನೋಡಿದೆ. ನಿಜಕ್ಕೂ ದುಡ್ಡು ಕೇಳಿಲ್ಲ. ಅದನ್ನು ನೋಡಿಯೇ ಹೆದರಿದೆ. ನೀನು ಬಾಯಿ ಬಿಟ್ಟು ಕೇಳಿದಾಗ ಆದ ಖರ್ಚಿಗಿಂತ ಕೇಳದೆ ಸುಮ್ಮನಿದ್ದಾಗ ಆದ ಖರ್ಚೇ ನನಗೆ ಯಾವತ್ತೂ ಜಾಸ್ತಿ.

ನಿಜ ಹೇಳಲು ಹನ್ನೊಂದು ಜನರ ಸಭೆ ಬೇಕಾಯಿತೇ ನಿನಗೆ? ಎರಡೂವರೆ ವರ್ಷದಿಂದ ನಿನ್ನ ನಂಬರ್ ಬ್ಲಾಕ್ ಮಾಡಿಟ್ಟಿದ್ದೇನೆ. ಅಂದಿನಿಂದ ನನ್ನ ಬಿ.ಪಿ. ಇಳಿದಿದೆ, ಡಾಕ್ಟರು ಮಾತ್ರೆಯನ್ನು ಅರ್ಧ ಮಾಡಿದ್ದಾರೆ.

ಜನವರಿಯಲ್ಲಿ ನಿನ್ನ ಸಾಲದ ಕೊನೆಯ ಕಂತು ಕಟ್ಟಿದೆ. ಒಟ್ಟು ಎಂಬತ್ತನಾಲ್ಕು ಕಂತು. ಬ್ಯಾಂಕಿನ ಹುಡುಗಿ ಹಲ್ಲು ಕಿರಿದು "ಅಭಿನಂದನೆ ಮೇಡಂ, ಹೊಸ ಲೋನ್ ತಗೋತೀರಾ?" ಅಂದಳು. ಅವಳ ಕತ್ತು ಹಿಸುಕದೆ ಎದ್ದು ಬಂದೆ, ಅದು ನನ್ನ ದೊಡ್ಡತನ. ಈ ಏಳು ವರ್ಷದಲ್ಲಿ ಸಾವಿರಾರು ಬಾಯಿಗೆ ಹಲ್ಲು ಸೆಟ್ ಮಾಡಿ ಕಳಿಸಿದ್ದೇನೆ. ನನ್ನವೇ ಎರಡು ದವಡೆ ಹಲ್ಲು ಬಿದ್ದುಹೋದವು, ಕಟ್ಟಿಸಿಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಊರಿಗೆಲ್ಲ ಹಲ್ಲು ಮಾಡಿಕೊಡುವವಳು ಏಳು ವರ್ಷ ಒಂದೇ ಪಕ್ಕದಲ್ಲಿ ಅಗಿದಿದ್ದಾಳೆ. ಇದನ್ನೂ ನಿನ್ನ ಸಭೆಯಲ್ಲಿ ಹೇಳು.

ಇನ್ನೊಂದು ವಿಷಯ. ನಾನು ಹಲ್ಲು ಮಾಡುವ ಲ್ಯಾಬಿನ ಯಜಮಾನರಿಗೆ ಕೈ ನಡುಕ ಬಂದಿದೆ. ಲ್ಯಾಬನ್ನು ನನಗೇ ಬಿಟ್ಟುಕೊಡುತ್ತಾರಂತೆ. ಮೂರು ಮೇಜು, ಒಂದು ಕುಲುಮೆ, ಪಾಲಿಶ್ ಮೆಷಿನ್, ಹದಿನಾಲ್ಕು ದಂತವೈದ್ಯರ ಆರ್ಡರು. ಜೂನ್ ಕೊನೆಯೊಳಗೆ ಮುಂಗಡ ಕೊಡಬೇಕು. ಅರ್ಧಕ್ಕಿಂತ ಹೆಚ್ಚು ಜೋಡಿಸಿದ್ದೇನೆ, ಉಳಿದದ್ದಕ್ಕೆ ಭಾನುವಾರವೂ ದುಡಿಯುತ್ತಿದ್ದೇನೆ. ನಲವತ್ತೊಂಬತ್ತನೇ ವಯಸ್ಸಿಗೆ ಮೊದಲ ಸಲ ನನ್ನದು ಅಂತ ಒಂದು ಬಾಗಿಲು ಸಿಗುವುದರಲ್ಲಿದೆ. ಅದರ ಮೇಲೆ ನಿನ್ನ ನೆರಳೂ ಬೀಳಬಾರದು. ಹೊಟ್ಟೆ ಉರಿಯಲಿ ಎಂದೇ ಇದನ್ನು ನಿನಗೆ ಹೇಳುತ್ತಿದ್ದೇನೆ.

ಅಕ್ಕ


ಮಾರ್ಚ್ 2

ಅಕ್ಕ,

ಇನ್ನೊಂದು ನಿಯಮ ಇದೆ, ಮೊದಲೇ ಹೇಳಬೇಕಿತ್ತು. ಬಂದ ಉತ್ತರವನ್ನು ಗುಂಪಿನ ಎದುರಲ್ಲೇ ಒಡೆದು ಓದಬೇಕು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಒಂದು ಸಾಲೂ ಹಾರಿಸದೆ.

ಓದಿದೆ. 'ಮಹಾನುಭಾವ' ಅಂದ ಕೂಡಲೇ ಟಿಕೆಟ್ ಮಾಸ್ತರು ನಗಲು ಶುರು ಮಾಡಿದರು. ಅವರು ನಿವೃತ್ತ ರೈಲ್ವೆ ಗುಮಾಸ್ತರು, ಪಿಂಚಣಿಯನ್ನು ಮೂರು ಕಡೆ ಅಡವಿಟ್ಟವರು. ಬ್ಯಾಂಕಿನ ಹುಡುಗಿಯ ಕತ್ತಿನ ಮಾತು ಬಂದಾಗ ಇಡೀ ಕೋಣೆ ನಕ್ಕಿತು. ಚಪ್ಪಲಿಯಮ್ಮ ಅಂತ ಒಬ್ಬರಿದ್ದಾರೆ, ಸಾಲ ಮಾಡಿ ಅರವತ್ತೆರಡು ಜೊತೆ ಚಪ್ಪಲಿ ಕೊಂಡವರು. ಅವರಂತೂ ಕಣ್ಣೊರೆಸಿಕೊಂಡು ನಕ್ಕರು. ದವಡೆ ಹಲ್ಲಿನ ಮಾತು ಬಂದಾಗ ಯಾರೂ ನಗಲಿಲ್ಲ. ನರ್ಸಮ್ಮ ಅತ್ತರು. ನಮ್ಮಲ್ಲಿ ಅವರೇ ಗಟ್ಟಿಗರು. ಎರಡು ವರ್ಷ ಎರಡು ತಿಂಗಳಿಂದ ಒಂದು ಕಾಸೂ ಸಾಲ ಮಾಡಿಲ್ಲ. "ಇಂಥಾ ಅಕ್ಕ ನಂಗಿದ್ದಿದ್ರೆ ನಾನು ಈ ಕೋಣೆಗೆ ಬರ್ತಾನೇ ಇರ್ಲಿಲ್ಲ" ಅಂದರು.

ನಿನ್ನ ತಮ್ಮ


ಮಾರ್ಚ್ 11

ನಾಚಿಕೆಗೆಟ್ಟವನೇ,

ನನ್ನ ಮನೆಯ ಮಾತು, ನನ್ನ ಬಾಯಿಯ ಹಲ್ಲು, ಹತ್ತು ಜನ ಹೊರಗಿನವರ ಮುಂದೆ ಬಿಚ್ಚಿಟ್ಟೆಯಾ? ನನ್ನ ಹೆಸರು ಅಡವಿಟ್ಟಿದ್ದು ಸಾಲದು ಅಂತ ಈಗ ನನ್ನ ಮಾತನ್ನೂ ಬೀದಿಗೆ ತಂದೆಯಾ? ಇನ್ನು ಮುಂದೆ ನನ್ನಿಂದ ಒಂದು ಅಕ್ಷರವೂ ಬರುವುದಿಲ್ಲ.

ಅಕ್ಕ

ಮರೆತೆ: ಬೇರೆ ಯಾವ ಯಾವ ಸಾಲಿಗೆ ನಕ್ಕರು?


ಮಾರ್ಚ್ 19

ಅಕ್ಕ,

ಬಿ.ಪಿ. ಮಾತ್ರೆಗೆ, 'ಕೇಳದೆ ಸುಮ್ಮನಿದ್ದಾಗ ಆದ ಖರ್ಚು' ಅಂದದ್ದಕ್ಕೆ. ಈ ಸಲದ ಪತ್ರದಲ್ಲಿ ಆ ಕೊನೆಯ ಒಂದು ಸಾಲಿಗೆ ಟಿಕೆಟ್ ಮಾಸ್ತರು ಮೇಜು ಕುಟ್ಟಿದರು. ನಿನ್ನನ್ನು ಈಗ ಎಲ್ಲರೂ ಹಲ್ಲಕ್ಕ ಅನ್ನುತ್ತಾರೆ. ಗುರುವಾರ ನಾನು ಮೆಟ್ಟಿಲು ಹತ್ತುವಾಗಲೇ "ಹಲ್ಲಕ್ಕನ ಕಾಗದ ಬಂತಾ?" ಅಂತ ಕೇಳುತ್ತಾರೆ. ಮುಂಗಡಕ್ಕೆ ಎಷ್ಟು ಜೋಡಿಸಿದೆ ಅಂತ ಎಲ್ಲರಿಗೂ ಕಾತರ.

ನಿನ್ನ ತಮ್ಮ


ಏಪ್ರಿಲ್ 14

ತಮ್ಮನಿಗೂ, ಡ್ರೈವಿಂಗ್ ಸ್ಕೂಲಿನ ಮಹಡಿಯ ಸಮಸ್ತ ಸಭಿಕರಿಗೂ,

ಹಲ್ಲಕ್ಕನ ನಮಸ್ಕಾರ. ಕುರ್ಚಿ ಹತ್ತಿರ ಎಳೆದುಕೊಳ್ಳಿ. ಟಿಕೆಟ್ ಮಾಸ್ತರೇ, ಮೇಜು ಕುಟ್ಟಬೇಡಿ, ಬಾಡಿಗೆ ಕೋಣೆ. ಚಪ್ಪಲಿಯಮ್ಮ, ಇವತ್ತು ಯಾವ ಜೊತೆ ಹಾಕಿಕೊಂಡು ಬಂದಿದ್ದೀರಿ? ನರ್ಸಮ್ಮ, ನೀವು ಅಳಬಾರದು. ಈ ಸಲ ಅಳುವಂಥದ್ದೇನೂ ಬರೆದಿಲ್ಲ.

ಹೋದ ವಾರ ಒಬ್ಬ ಮುದಿ ವಕೀಲರ ಸೆಟ್ ಮಾಡಿದೆ. ಮೊದಲ ಸಲ ಮುತ್ತು ಪೋಣಿಸಿದ ಹಾಗೆ ಸಾಲಾಗಿ ಕೂರಿಸಿ ಕಳಿಸಿದ್ದೆ. ಅವರೇ ಹುಡುಕಿಕೊಂಡು ಲ್ಯಾಬಿಗೆ ಬಂದು, ಬಾಯಿಂದ ತೆಗೆದು ನನ್ನ ಮೇಜಿನ ಮೇಲಿಟ್ಟು, ಬೊಚ್ಚು ಬಾಯಲ್ಲಿ "ಯಾರೂ ನಂಬ್ತಿಲ್ಲಮ್ಮ" ಅಂದರು. ನಮ್ಮ ಕಸುಬಿನ ಗುಟ್ಟು ಇರುವುದೇ ಇಲ್ಲಿ. ಸುಳ್ಳು ಹಲ್ಲು ಸ್ವಂತದ್ದರಂತೆ ಕಾಣಬೇಕಾದರೆ ಒಂದನ್ನು ಚೂರು ವಕ್ರ ಕೂರಿಸಬೇಕು, ಒಂದಕ್ಕೆ ಸ್ವಲ್ಪ ಹಳದಿ ಹಚ್ಚಬೇಕು. ಹಾಗೆ ಮಾಡಿ ಕೊಟ್ಟೆ. ಈಗ ಕೋರ್ಟಿನಲ್ಲಿ ಅವರದೇ ಹಲ್ಲು ಅಂದುಕೊಂಡಿದ್ದಾರಂತೆ. ನನ್ನ ತಮ್ಮನಿಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದಿದೆ, ಹುಷಾರಾಗಿರಿ!

ತಮಾಷೆ ಸಾಕು. ಮುಂಗಡಕ್ಕೆ ಇನ್ನು ಕಾಲುಭಾಗ ಮಾತ್ರ ಬಾಕಿ. ಮುಟ್ಟಿಸಿಯೇ ತೀರುತ್ತೇನೆ.

ತಮ್ಮಾ, ಎಲ್ಲರೆದುರು ಒಂದು ಮಾತು ಹೇಳುತ್ತೇನೆ, ಜೋರಾಗಿ ಓದು. ಎರಡು ತಿಂಗಳಿಂದ ನೀನು ನಿಂತು ನಿಜ ಹೇಳುತ್ತಿದ್ದೀಯ. ಇವತ್ತಿನಿಂದ ನನ್ನ ತಮ್ಮನ ಮಾತಿಗೆ ನಾನಿದ್ದೇನೆ. ಯಾರು ಬೇಕಾದರೂ ನನ್ನನ್ನು ಕೇಳಬಹುದು.

ಅಕ್ಕ


ಏಪ್ರಿಲ್ 24

ಅಕ್ಕ,

ಕೊನೆಯ ಸಾಲನ್ನು ಎರಡು ಸಲ ಓದಿಸಿದರು. ಚಪ್ಪಾಳೆ ಹೊಡೆದರು. ಆ ಪತ್ರವನ್ನು ಮಡಿಸಿ ಅಂಗಿ ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ.

ನಿನ್ನ ತಮ್ಮ


ಜೂನ್ 6

ತಮ್ಮಾ,

ಮೇ ತಿಂಗಳಲ್ಲಿ ಎರಡು ಪತ್ರ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಎರಡನೆಯದರಲ್ಲಿ ನಗುವಂಥದ್ದು ಬೇಕಾದಷ್ಟಿತ್ತು. ಓದಿದೆಯಾ? ಚಪ್ಪಲಿಯಮ್ಮ ಏನೂ ಅನ್ನಲಿಲ್ಲವೇ?

ನನ್ನ ಮನೆಯ ಹಿಂದಿನ ಕೋಣೆ ಖಾಲಿ ಮಾಡಿಸಿ ಸುಣ್ಣ ಹೊಡೆಸಿದ್ದೇನೆ. ನಿನ್ನ ಹೆಂಡತಿ ತವರಿಗೆ ಹೋಗಿ ನಾಲ್ಕು ವರ್ಷವಾಯಿತು, ಅವಳಿನ್ನು ಬರುವ ಹಾಗೆ ಕಾಣುವುದಿಲ್ಲ. ಅಲ್ಲಿ ಒಬ್ಬನೇ ಯಾಕೆ ಒದ್ದಾಡುತ್ತೀಯ? ಇಲ್ಲಿಯೂ ಲಿಫ್ಟುಗಳು ಕೆಡುತ್ತವೆ. ಕಿಟಕಿ ಚಿಕ್ಕದು, ಆದರೆ ಗಾಳಿ ಬರುತ್ತದೆ. ಬಾ.

ಅಕ್ಕ


ಜೂನ್ 21

ಅಕ್ಕ,

ಕೆಲಸ ಜಾಸ್ತಿ. ಒಂದು ಆಸ್ಪತ್ರೆಯ ಲಿಫ್ಟಿನ ಹಗ್ಗ ಬದಲಾಯಿಸುತ್ತಿದ್ದೇವೆ, ದಿನವಿಡೀ ಮೇಲಿನ ಮೆಷಿನ್ ರೂಮಿನಲ್ಲಿ ಗ್ರೀಸ್ ಮೆತ್ತಿಕೊಂಡು ಕೂತಿರುತ್ತೇನೆ. ಸದ್ಯ ಬರಲಾಗುವುದಿಲ್ಲ. ಪತ್ರಗಳು ಬಂದವು. ಎಲ್ಲರೂ ನಿನ್ನನ್ನು ಕೇಳಿದ್ದಾಗಿ ತಿಳಿಸಲು ಹೇಳಿದ್ದಾರೆ.

ಮುಂಗಡ ಪೂರ್ತಿಯಾಯಿತೇ? ಯಾರಾದರೂ ಬಂದು ಕೇಳಿದರೆ ಆ ವಿಷಯ ಹೆಚ್ಚು ಮಾತಾಡಬೇಡ, ದೃಷ್ಟಿ ತಾಗುತ್ತದೆ.

ನಿನ್ನ ತಮ್ಮ


ಜುಲೈ 9

ಡ್ರೈವಿಂಗ್ ಸ್ಕೂಲಿನ ಮಹಡಿಯ ಸಭಿಕರಿಗೆ,

ಇದನ್ನು ನಿಮ್ಮ ಲಿಫ್ಟ್ ಮೆಕ್ಯಾನಿಕ್ ನಿಂತು ಓದುತ್ತಿದ್ದಾನೆ. ನಡುವೆ ಸಾಲು ಹಾರಿಸುತ್ತಾನೆಂದು ನನಗೆ ಗೊತ್ತು, ಅವನನ್ನು ಬೆಳೆಸಿದವಳು ನಾನು. ಅದಕ್ಕೇ ಇದರ ಹತ್ತು ಜೆರಾಕ್ಸ್ ಪ್ರತಿಗಳನ್ನು ಡ್ರೈವಿಂಗ್ ಸ್ಕೂಲಿನ ಆಫೀಸಿಗೆ ಬೇರೆಯಾಗಿ ಕಳಿಸಿ, ಗುರುವಾರ ಆರು ಗಂಟೆಗೆ ಹಂಚಲು ಹೇಳಿದ್ದೇನೆ. ಎಲ್ಲರೂ ಸಾಲಿನ ಮೇಲೆ ಬೆರಳಿಟ್ಟು ಹಿಂಬಾಲಿಸಿ.

ಮೊನ್ನೆ ಭಾನುವಾರ ನಿಮ್ಮ ನರ್ಸಮ್ಮ ಆರು ತಾಸು ಬಸ್ಸಿನಲ್ಲಿ ಕೂತು ನನ್ನ ಬಾಗಿಲಿಗೆ ಬಂದಿದ್ದರು. ಬಾಗಿಲ ಮೇಲಿನ ಹೊಸ ಬೋರ್ಡು ನೋಡಿ ಅವರ ಮುಖ ಅರಳಿತು. "ಅಂತೂ ಲ್ಯಾಬ್ ನಿಮ್ಮದಾಯ್ತಲ್ಲ ಅಕ್ಕಾ, ನಮ್ಮ ದುಡ್ಡು ಸಾರ್ಥಕ ಆಯ್ತು" ಅಂದರು. ಯಾವ ದುಡ್ಡು ಅಂತ ಕೇಳಿದೆ.

ಓದು ತಮ್ಮಾ, ಉಗುಳು ನುಂಗಬೇಡ.

ನನ್ನ ಮುಂಗಡಕ್ಕೆ ಕಡಿಮೆ ಬಿದ್ದಿದೆಯೆಂದು ಹೇಳಿ ಅವರಿಂದ ಎಂಬತ್ತು ಸಾವಿರ ತೆಗೆದುಕೊಂಡಿದ್ದಾನೆ. ಅಕ್ಕನಿಗೆ ಗುಟ್ಟಾಗಿ ಮುಟ್ಟಿಸುತ್ತೇನೆ, ಅವಳು ಸ್ವಾಭಿಮಾನಿ, ಯಾರಿಗೂ ಹೇಳಬೇಡಿ ಅಂದಿದ್ದಾನೆ. ಜೊತೆಗೆ ನನ್ನ ಏಪ್ರಿಲ್ ತಿಂಗಳ ಪತ್ರದ ಜೆರಾಕ್ಸ್ ಕೊಟ್ಟಿದ್ದಾನೆ, 'ನಾನಿದ್ದೇನೆ' ಎಂಬ ಸಾಲಿನ ಕೆಳಗೆ ಗೆರೆ ಎಳೆದು. ಎರಡು ವರ್ಷದಿಂದ ಸಾಲವನ್ನೇ ಮುಟ್ಟದ ನರ್ಸಮ್ಮ, ನನಗೋಸ್ಕರ, ಫೈನಾನ್ಸಿನವನ ಹತ್ತಿರ ಹೋಗಿ ಸಾಲ ಮಾಡಿ ಇವನಿಗೆ ಕೊಟ್ಟಿದ್ದಾರೆ. ಈಗ ಬಡ್ಡಿಗೆ ಇನ್ನೊಂದು ಸಾಲ ಮಾಡಿದ್ದಾರೆ. ಲ್ಯಾಬು ನನ್ನ ಸ್ವಂತ ದುಡಿಮೆಯಿಂದ ಬಂತು. ಇವನಿಂದ ಮೂರು ಕಾಸೂ ಬಂದಿಲ್ಲ.

ನಾನು ಅವರನ್ನು ಕೂರಿಸಿ, ಸಮಾಧಾನ ಹೇಳಿ, ಬಸ್ಸು ಹತ್ತಿಸಿ ಬಂದೆ.

ನಿಮ್ಮೊಳಗೆ ಸಾಲ ಕೊಡಕೂಡದು ಅಂತ ನಿಯಮವಿದೆಯಂತೆ. ನರ್ಸಮ್ಮ ಒಬ್ಬರೇ ಎಂದು ನನಗೆ ಅನ್ನಿಸುವುದಿಲ್ಲ. ಇವನಿಗೆ ಕೊಟ್ಟವರೆಲ್ಲ ಈಗ ಕೈ ಎತ್ತಿ. ನಾಚಿಕೆ ಬೇಡ, ಟೋಪಿ ಹಾಕಿಸಿಕೊಂಡವರಲ್ಲಿ ನಾನೇ ಹಿರಿಯಳು.

ತಮ್ಮಾ, ಎಣಿಸು. ಎಣಿಸಿ, ಗಟ್ಟಿಯಾಗಿ ಹೇಳು. ಆಮೇಲೆ ಕುರ್ಚಿ ಬಿಟ್ಟು ಮೆಟ್ಟಿಲಿಳಿದು ಹೋಗು. ನೀನು ಹೋಗಲು ಬೇರೆ ಬಾಗಿಲು ಯಾವುದೂ ಉಳಿಯಬಾರದು ಅಂತಲೇ ಇದನ್ನು ಬರೆದಿದ್ದೇನೆ. ಸುಣ್ಣ ಹೊಡೆಸಿದ ಕೋಣೆಗೆ ಬೀಗ ಹಾಕಿದ್ದೇನೆ.

ಹಲ್ಲಕ್ಕ


ಜುಲೈ 18

ಅಕ್ಕ,

ಓದಿದೆ. ಒಂದು ಸಾಲೂ ಹಾರಿಸಲಿಲ್ಲ. ಹಾರಿಸುವಂತಿರಲಿಲ್ಲ, ಹತ್ತು ಬೆರಳು ಹಾಳೆಯ ಮೇಲೆ ಸರಿಯುತ್ತಿದ್ದವು.

ಕೈ ಎತ್ತಿ ಅಂದಾಗ ಮೊದಲು ನರ್ಸಮ್ಮ ಎತ್ತಿದರು. ಆಮೇಲೆ ಟಿಕೆಟ್ ಮಾಸ್ತರು. ಚಪ್ಪಲಿಯಮ್ಮ ಪಕ್ಕದವರನ್ನು ನೋಡಿ "ನೀನೂನಾ?" ಅಂದರು, ಆಮೇಲೆ ತಾವೂ ಎತ್ತಿದರು. ಕೊನೆಗೆ ಏಳು ಕೈ. ನಾನು ಏಳು ಅಂತ ಗಟ್ಟಿಯಾಗಿ ಹೇಳಿದೆ.

ದುಡ್ಡು ನಿನಗೆ ಕೊಡಬೇಕು ಅಂತಲೇ ತೆಗೆದುಕೊಂಡೆ ಎಂದರೆ ನೀನು ನಗುತ್ತೀಯ. ನರ್ಸಮ್ಮ ಕೊಟ್ಟ ದಿನ ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ಸರದಿ ಬರುವಷ್ಟರಲ್ಲಿ, ಇನ್ನೊಬ್ಬರನ್ನು ಕೇಳಿದರೆ ಅವರೂ ಹೂಂ ಅನ್ನುತ್ತಾರೇನೋ ಅನ್ನಿಸಿತು. ಸಾಲು ಬಿಟ್ಟು ಬಂದೆ. ಹಳೆಯ ಸಾಲ ಕೊಟ್ಟವರು ಅರ್ಧ ಕಿತ್ತುಕೊಂಡರು, ಉಳಿದದ್ದು ಕರಗಿತು.

ಮೆಟ್ಟಿಲಿಳಿದು ಹೋಗು ಎಂಬಲ್ಲಿಗೆ ಬಂದಾಗ ನಿಜಕ್ಕೂ ಬ್ಯಾಗು ತೆಗೆದುಕೊಂಡೆ. ಆಗ ನರ್ಸಮ್ಮ "ಕೂತ್ಕೋ" ಅಂದರು. ಎದ್ದು ನಿಂತು, ನೀನು ಅವರನ್ನು ಕೂರಿಸಿ ಸಮಾಧಾನ ಹೇಳಿದೆ ಎಂದು ಬರೆದಿದ್ದೆಯಲ್ಲ, ಅದರ ನಿಜ ಕಥೆ ಹೇಳಿದರು. ನೀನು ಅವರನ್ನು ಹೊಸ್ತಿಲು ದಾಟಿಸಲಿಲ್ಲವಂತೆ. ನೀರು ಕೇಳಿದರೆ, "ಸಾಲದ ರೋಗದವರಿಗೆ ನನ್ನ ಬಾಗಿಲಲ್ಲಿ ಏನೂ ಇಲ್ಲ, ನೀವೂ ಅವನ ಥರದವರೇ ತಾನೆ, ಎಷ್ಟು ಜನರಿಗೆ ಟೋಪಿ ಹಾಕಿದೀರೋ" ಅಂದೆಯಂತೆ. ಬಾಗಿಲು ಹಾಕಿದ ಮೇಲೂ ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರಂತೆ, ನೀನು ತಮಾಷೆ ಮಾಡುತ್ತಿರಬಹುದು ಅಂದುಕೊಂಡು.

ಆಮೇಲೆ ಚಪ್ಪಲಿಯಮ್ಮ "ಅಷ್ಟು ಚೆನ್ನಾಗಿ ಬರೀತಾರಲ್ಲ ಅಂತ ಒಳ್ಳೆಯವರು ಅಂದ್ಕೊಂಡ್ವಿ" ಅಂದರು. ಟಿಕೆಟ್ ಮಾಸ್ತರು "ಇವ್ನು ಮಾಡಿದ್ದು ನಾವೆಲ್ಲ ಒಂದಲ್ಲ ಒಂದಿನ ಮಾಡಿದ್ದೇ. ಆಯಮ್ಮ ಮಾಡಿದ್ದನ್ನ ನಮ್ಮಲ್ಲಿ ಯಾರೂ ಮಾಡಿಲ್ಲ" ಅಂದರು. ಹತ್ತು ಪ್ರತಿಗಳನ್ನೂ ಒಟ್ಟುಗೂಡಿಸಿ ಕಸದ ಬುಟ್ಟಿಗೆ ಹಾಕಿದರು.

ಅಕ್ಕಾ, ಅವರಿಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ. ನನ್ನಂಥವರನ್ನು ಅವರು ಬಹಳ ಕಂಡಿದ್ದಾರೆ.

ಗುಂಪು ತೀರ್ಮಾನ ಮಾಡಿದೆ. ನನ್ನ ಸಂಬಳ ನೇರವಾಗಿ ನರ್ಸಮ್ಮನ ಕೈಗೆ ಹೋಗುತ್ತದೆ. ಕೊಡಬೇಕಾದವರಿಗೆಲ್ಲ ತಿಂಗಳಿಗಿಷ್ಟು ಅಂತ ಅವರೇ ಹಂಚುತ್ತಾರೆ. ಪಟ್ಟಿಯಲ್ಲಿ ನೀನು ಎಂಟನೆಯವಳು. ಇನ್ನು ಮುಂದೆ ನಿನ್ನ ಪತ್ರ ಓದುವುದಿಲ್ಲ, ನಾನೂ ತೆರೆಯಬಾರದು. ನಿನ್ನನ್ನು ಹೇಗಾದರೂ ನಂಬಿಸಬೇಕೆಂಬ ಆಸೆಯಿಂದಲೇ ನನಗೆ ಈ ರೋಗ ಹತ್ತಿತು ಅನ್ನುತ್ತಾರೆ ಅವರು. ಚಿಕ್ಕಂದಿನಿಂದ ನೀನು ಏನು ಕೊಟ್ಟರೂ ಬೈದೇ ಕೊಟ್ಟೆ, ಒಂದು ಸಲವೂ ಸುಮ್ಮನೆ "ಸರಿ, ತಗೋ" ಅಂದವಳಲ್ಲ. ಅವರು ಹೇಳಿದ್ದು ಸರಿಯೋ ತಪ್ಪೋ ಗೊತ್ತಿಲ್ಲ, ಆದರೆ ಕೇಳಿದಾಗ ಮೈ ಹಗುರವಾಯಿತು.

ಇದೇ ನನ್ನ ಕೊನೆಯ ಪತ್ರ.

ತಮ್ಮ


ಆಗಸ್ಟ್ 12

ತಮ್ಮಾ,

ನಿನ್ನ ಮನಿ ಆರ್ಡರ್ ಬಂತು. ಒಂದು ಸಾವಿರ. ಕಳುಹಿಸಿದವರ ಜಾಗದಲ್ಲಿ ನಿನ್ನದಲ್ಲದ ಅಕ್ಷರ, ನರ್ಸಮ್ಮನದೇ ಇರಬೇಕು.

ಹೌದು, ನೀರು ಕೊಡಲಿಲ್ಲ. ಅವರು ಹೇಳಿದ್ದೆಲ್ಲ ನಿಜ. ಬೋರ್ಡು ಹಾಕಿ ನಾಲ್ಕು ದಿನವಾಗಿತ್ತು. ಅವರ ಕೈಯಲ್ಲಿ ನನ್ನ ಅಕ್ಷರದ ಜೆರಾಕ್ಸ್ ನೋಡಿದೆ, ಮತ್ತೆ ಜಾಮೀನು ನನ್ನ ತಲೆಗೆ ಬಂತು, ಲ್ಯಾಬು ಕೈಬಿಟ್ಟು ಹೋಯಿತು ಅನ್ನಿಸಿತು. ಭಯದಲ್ಲಿ ಆಡಬಾರದ್ದು ಆಡಿದೆ. ಆ 'ನಾನಿದ್ದೇನೆ' ಎಂಬ ಸಾಲನ್ನು ನಾನು ಬರೆದದ್ದು ನಿನಗಾಗಿಯೂ ಅಲ್ಲ. ಚಪ್ಪಾಳೆ ಬೀಳಲಿ ಅಂತ ಬರೆದೆ. ನಲವತ್ತೊಂಬತ್ತು ವರ್ಷದಲ್ಲಿ ನನ್ನ ಮಾತಿಗೆ ಯಾರಾದರೂ ಕಾದು ಕೂತಿದ್ದು ಆ ಗುರುವಾರಗಳಲ್ಲಿ ಮಾತ್ರ.

ನರ್ಸಮ್ಮನ ಎಂಬತ್ತು ಸಾವಿರ ನಾನು ಕಟ್ಟುತ್ತೇನೆ. ಲ್ಯಾಬಿನ ಕುಲುಮೆ ಮಾರುತ್ತೇನೆ, ಇಲ್ಲವೇ ಮತ್ತೆ ಕಂತು ಕಟ್ಟುತ್ತೇನೆ, ನನಗೇನು ಅಭ್ಯಾಸವಿಲ್ಲವೇ? ಅವರಿಗೆ ಹೇಳು. ಆದರೆ ಒಂದು ಮಾತು ನಡೆಸಿಕೊಡು. ನನ್ನ ದುಡ್ಡು ತೀರಿಸಬೇಡ. ಲೆಕ್ಕ ಹಾಕಿದೆ. ತಿಂಗಳಿಗೆ ಸಾವಿರದಂತೆ ಮೂವತ್ತಮೂರು ವರ್ಷ ಬೇಕು, ಅಷ್ಟು ದಿನ ನಾನಿರುವುದಿಲ್ಲ. ಇದ್ದರೂ ಬೇಡ. ತೀರಿಸಿಬಿಟ್ಟರೆ ನನಗೆ ನಿನ್ನನ್ನು ಬೈಯಲು ಏನು ಹಕ್ಕು ಉಳಿಯುತ್ತದೆ? ಬೈಯದೆ ನಿನ್ನ ಜೊತೆ ಮಾತಾಡುವುದು ಹೇಗೆಂದು ನನಗೆ ಗೊತ್ತಿಲ್ಲ, ಯಾರೂ ಕಲಿಸಲಿಲ್ಲ.

ಕೋಣೆಯ ಬೀಗ ತೆಗೆದಿದ್ದೇನೆ. ದುಡ್ಡು ಬೇಕಾದರೆ ಕೇಳು. ಈ ಸಲ ಸರಿ, ತಗೋ ಅನ್ನುತ್ತೇನೆ. ದಯವಿಟ್ಟು ಕೇಳು.

ಇದನ್ನು ಎಲ್ಲರೆದುರು ಓದಿದರೂ ನನಗೆ ಬೇಜಾರಿಲ್ಲ.

ನಿನ್ನ ಅಕ್ಕ


ಸೆಪ್ಟೆಂಬರ್ 5

ಮಾನ್ಯರೇ,

ತಾವು ಆಗಸ್ಟ್ 12ರಂದು ಕಳುಹಿಸಿದ ಲಕೋಟೆ ತಲುಪಿದೆ. ಗುಂಪಿನ ತೀರ್ಮಾನದಂತೆ ಅದನ್ನು ತೆರೆದಿಲ್ಲ. ಇದರ ಜೊತೆ ವಾಪಸ್ ಇಟ್ಟಿದ್ದೇನೆ, ಅಂಟು ಹಾಗೆಯೇ ಇದೆ, ಪರೀಕ್ಷಿಸಿ ನೋಡಬಹುದು.

ಎರಡನೆಯ ಕಂತು ಒಂದು ಸಾವಿರ ಮನಿ ಆರ್ಡರ್ ಮೂಲಕ ಕಳುಹಿಸಲಾಗಿದೆ. ಮುಟ್ಟಿದ್ದಕ್ಕೆ ಸಹಿ ಮಾಡಿದರೆ ಸಾಕು, ಪತ್ರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮ ಹಣ ಪೂರ್ತಿ ತೀರುವವರೆಗೆ ಒಂದು ತಿಂಗಳೂ ತಪ್ಪಿಸುವುದಿಲ್ಲ. ಈ ಸಲ ನಂಬಬಹುದು.

ಇತಿ,
ಸಾಲ ಪಡೆದವನು